ಹಾಸ್ಪಿಸ್ ಸ್ವಯಂಸೇವಕರ ತರಬೇತಿ ಮತ್ತು ಸೇವೆ: 20 ತಿಂಗಳ ಬಳಿಕ ಬರೆದ ವಿಮರ್ಶೆ

ಮೊದಲ ಸಲ ಅರ್ಜಿ ಹಾಕಿದಾಗ ಈ ಸಂಸ್ಥೆ ನನ್ನನ್ನು ಸ್ವಯಂಸೇವಕಿಯಾಗಿ ತೆಗೆದುಕೊಳ್ಳಲಿಲ್ಲ. ಅಮ್ಮ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಅವರ ಕೊನೆಯ ವಾರಗಳಲ್ಲಿ ನಮ್ಮ ಮನೆಗೆ ಬಂದು ಕೂರುತ್ತಿದ್ದ ಒಬ್ಬ ಸ್ವಯಂಸೇವಕಿಯನ್ನು ನೋಡಿ, ನಾನೂ ಇದೇ ಕೆಲಸ ಮಾಡಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಕಳೆದ ಒಂದು ವರ್ಷದಲ್ಲಿ ತೀರ ಹತ್ತಿರದವರು ಯಾರಾದರೂ ತೀರಿಕೊಂಡಿದ್ದಾರೆಯೇ ಎಂಬುದು ಸಂದರ್ಶನದಲ್ಲಿ ಸಂಯೋಜಕಿ ಕೇಳಿದ ಮೂರನೆಯ ಪ್ರಶ್ನೆ. ಹೌದೆಂದು ಹೇಳಿ ಅಮ್ಮನ ವಿಷಯ ಶುರು ಮಾಡಿದವಳು ಮಾತು ನಿಲ್ಲಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಅವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ವರ್ಷ ತುಂಬಿದ ಮೇಲೆ ಬನ್ನಿ. ಈಗ ನೀವು ಯಾರ ಪಕ್ಕ ಕೂತರೂ ನಿಮಗೆ ನಿಮ್ಮ ತಾಯಿಯೇ ಕಾಣಿಸುತ್ತಾರೆ. ಅಲ್ಲಿ ಮಲಗಿರುವವರು ಬೇರೆಯವರು" ಎಂದರು. ಸಹಾಯ ಮಾಡಲು ಬಂದವರನ್ನು ಹೀಗೆ ವಾಪಸು ಕಳಿಸುವುದುಂಟೇ ಎಂದು ಅಂದು ನನಗೆ ಅತ್ಯಂತ ಸಿಟ್ಟು ಬಂದಿತ್ತು. ಒಂದು ವರ್ಷ ಕಳೆದು ಮತ್ತೆ ಹೋದೆ, ಆಯ್ಕೆಯಾದೆ, ತರಬೇತಿ ಮುಗಿಸಿದೆ. ಈಗ 20 ತಿಂಗಳಿಂದ ವಾರಕ್ಕೊಮ್ಮೆ ಪಾಳಿ ಮಾಡುತ್ತಿದ್ದೇನೆ. ಈ ಸೇವೆಗೆ ನಾನು ಕೊಡುವ ಮೊದಲ ಪೂರ್ಣ ಅಂಕ ಆ ನಿರಾಕರಣೆಗೇ ಸಲ್ಲುತ್ತದೆ.

ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ರೋಗಿಗಳ ಗುರುತು ಹತ್ತದಂತೆ ವಿವರಗಳನ್ನೂ ಬದಲಿಸಿದ್ದೇನೆ. ಹಾಸ್ಪಿಸ್ ಆರೈಕೆ ಕೊಡುವ ಸಂಸ್ಥೆಗಳು ಬಹಳಷ್ಟು ವಿಷಯಗಳಲ್ಲಿ ಒಂದೇ ಕ್ರಮವನ್ನು ಅನುಸರಿಸುವುದರಿಂದ, ಎಲ್ಲಿಯಾದರೂ ಸ್ವಯಂಸೇವಕರಾಗಿ ಸೇರಬೇಕೆಂದಿರುವವರಿಗೆ ಇದು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಗುಣಪಡಿಸುವ ಚಿಕಿತ್ಸೆ ಇನ್ನು ಫಲಿಸದು ಎಂದು ತಿಳಿದ ಮೇಲೆ, ನೋವು, ಉಸಿರಾಟದ ತೊಂದರೆ, ವಾಕರಿಕೆ, ಭಯ ಇವುಗಳನ್ನು ಹತೋಟಿಯಲ್ಲಿಟ್ಟು, ಉಳಿದಿರುವ ದಿನಗಳನ್ನು ರೋಗಿ ತನ್ನವರೊಂದಿಗೆ ನೆಮ್ಮದಿಯಾಗಿ ಕಳೆಯುವಂತೆ ನೋಡಿಕೊಳ್ಳುವುದೇ ಹಾಸ್ಪಿಸ್ ಆರೈಕೆ. ಇದು ಆಸ್ಪತ್ರೆಯಂಥ ಕಟ್ಟಡದಲ್ಲೂ ನಡೆಯುತ್ತದೆ, ರೋಗಿಯ ಮನೆಯಲ್ಲೂ ನಡೆಯುತ್ತದೆ. ಇದನ್ನೂ ಒಳಗೊಂಡ, ಗಂಭೀರ ಕಾಯಿಲೆಯವರ ನರಳಾಟವನ್ನು ತಗ್ಗಿಸುವ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಪ್ರತಿವರ್ಷ ಸುಮಾರು 5.68 ಕೋಟಿ ಜನರಿಗೆ ಬೇಕಾಗುತ್ತದೆಂದೂ ಅವರಲ್ಲಿ ಶೇಕಡಾ 14ರಷ್ಟು ಜನರಿಗೆ ಮಾತ್ರ ಅದು ಸಿಗುತ್ತಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆರೈಕೆ ಸಿಕ್ಕದೆ ಉಳಿಯುವ ಅಷ್ಟು ಜನರನ್ನು ನೆನೆದಾಗ, ಇಂಥ ಸೇವೆಯೊಂದು ಚೆನ್ನಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದು ನನಗೆ ಸಣ್ಣ ವಿಷಯವಾಗಿ ತೋರುವುದಿಲ್ಲ.

ತರಬೇತಿ ಎಂಟು ಶನಿವಾರಗಳದು, ಒಂದೊಂದು ದಿನ ಮೂರು ಗಂಟೆ. ಶುಲ್ಕವಿಲ್ಲ. ಗುರುತಿನ ದಾಖಲೆ, ಹಿನ್ನೆಲೆಯ ಪರಿಶೀಲನೆ, ಆರೋಗ್ಯ ತಪಾಸಣೆ ಮುಂತಾದವು ಮೊದಲ ವಾರದಲ್ಲೇ ಮುಗಿಯುತ್ತವೆ. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೊದಲ ಪಾಠ ಇತಿಹಾಸದ್ದು. ಇತಿಹಾಸವೆಂದರೆ ಬೇಸರದ ಮಾತೆಂದುಕೊಂಡಿದ್ದ ನನಗೆ ಅಲ್ಲಿ ಸಿಕ್ಕಿದ ಒಂದು ಸಂಗತಿ ಇಂದಿಗೂ ಬಲ ಕೊಡುತ್ತಿದೆ. ಆಧುನಿಕ ಹಾಸ್ಪಿಸ್ ಚಳವಳಿಗೆ ಅಡಿಪಾಯ ಹಾಕಿದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯುವುದಕ್ಕೆ ಎಷ್ಟೋ ವರ್ಷ ಮೊದಲು, ತಾವು ವೈದ್ಯೆಯಾಗುವುದಕ್ಕೂ ಮೊದಲು, 1940ರ ದಶಕದ ಕೊನೆಯಲ್ಲಿ ಸಾವಿನಂಚಿನಲ್ಲಿರುವವರನ್ನು ನೋಡಿಕೊಳ್ಳುವ ಸೇಂಟ್ ಲ್ಯೂಕ್ಸ್ ಎಂಬಲ್ಲಿ ಸಂಜೆಯ ಹೊತ್ತು ಸ್ವಯಂಸೇವಕಿಯಾಗಿ ದುಡಿಯುತ್ತಿದ್ದರು. ನೋವು ಕೆರಳಿ ರೋಗಿ ಬೇಡಿಕೊಂಡ ಮೇಲೆ ಔಷಧ ಕೊಡುವ ಬದಲು, ನೋವು ಮರಳುವ ಮೊದಲೇ ಗಡಿಯಾರ ನೋಡಿ ಮಾರ್ಫಿನ್ ಕೊಡುವ ಕ್ರಮವನ್ನು ಅವರು ಕಂಡದ್ದು ಅಲ್ಲಿಯೇ. ದೇಹದ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಬದುಕಿನ ಅರ್ಥವೇನೆಂಬ ಒಳಗಿನ ನೋವು ಇವೆಲ್ಲ ಹೆಣೆದುಕೊಂಡಿರುತ್ತವೆ, ಬಿಡಿಸಿ ನೋಡಲಾಗದು ಎಂದು ಅವರು ಮುಂದೆ ಪ್ರತಿಪಾದಿಸಿದ 'ಸಮಗ್ರ ನೋವು' ಎಂಬ ಪರಿಕಲ್ಪನೆಯ ಮೇಲೆಯೇ ಇಡೀ ಆರೈಕೆ ನಿಂತಿದೆ. ಮಾತ್ರೆ ಮುಟ್ಟಲಾರದ ಆ ಉಳಿದ ಪಾಲಿನಲ್ಲಿ ಸ್ವಯಂಸೇವಕರಿಗೂ ಕೆಲಸವಿದೆ. ಅಮೆರಿಕದಲ್ಲಂತೂ ಸರ್ಕಾರದ ಮೆಡಿಕೇರ್ ಆರೋಗ್ಯ ವಿಮೆ ಯೋಜನೆಯಡಿ ನಡೆಯುವ ಹಾಸ್ಪಿಸ್‌ಗಳು, ರೋಗಿಗಳ ಆರೈಕೆಗೆ ಸಿಬ್ಬಂದಿ ವ್ಯಯಿಸುವ ಒಟ್ಟು ಗಂಟೆಗಳ ಕನಿಷ್ಠ ಶೇಕಡಾ 5ರಷ್ಟನ್ನು ಸ್ವಯಂಸೇವಕರಿಂದ ಪಡೆಯಲೇಬೇಕೆಂಬ ನಿಯಮವಿದೆ.

ಎರಡನೆಯ ಶನಿವಾರದ ಅಭ್ಯಾಸ ಇಡೀ ತರಬೇತಿಯ ತಿರುಳು. ನಮ್ಮನ್ನು ಇಬ್ಬಿಬ್ಬರಾಗಿ ವಿಂಗಡಿಸಿ, ಒಬ್ಬರನ್ನು ಹಾಸಿಗೆಯಲ್ಲಿ ಮಲಗಿಸಿ, ಅರ್ಧ ಗಂಟೆ ಕೈಕಾಲು ಅಲ್ಲಾಡಿಸಬಾರದು, ಮಾತಾಡಬಾರದು ಎಂದರು. ಇನ್ನೊಬ್ಬರು ನಮ್ಮ ತಲೆದಿಂಬು ಸರಿಮಾಡಬೇಕು, ಮಗ್ಗುಲು ಬದಲಿಸಬೇಕು, ಚಮಚದಲ್ಲಿ ನೀರು ಕುಡಿಸಬೇಕು. ಮಲಗಿದ ಐದನೆಯ ನಿಮಿಷಕ್ಕೆ ನನ್ನ ಮೂಗಿನ ತುದಿ ತುರಿಸತೊಡಗಿತು. ಅದನ್ನು ಹೇಳಲಾರದೆ, ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಾ ಮಲಗಿದ್ದಾಗ, ಜೊತೆಗಾರ್ತಿ ಒಳ್ಳೆಯ ಮನಸ್ಸಿನಿಂದಲೇ ನನ್ನ ಮೇಲೆ ಬಾಗಿ, "ಹೇಗಿದ್ದೀರಿ? ಆರಾಮಾಗಿದೆಯಾ?" ಎಂದು ದೊಡ್ಡ ದನಿಯಲ್ಲಿ ಕೇಳಿದರು. ನಿಂತವರ ದನಿ ಮಲಗಿದವರ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆಂಬುದು ನನಗೆ ಗೊತ್ತಾದದ್ದು ಆಗ. ಒಳಗೆ ಬರುವ ಮೊದಲು ಬಾಗಿಲ ಬಳಿ ಒಂದು ಕ್ಷಣ ನಿಲ್ಲಬೇಕು. ಕುರ್ಚಿ ಎಳೆಯುವಾಗ ಸದ್ದಾಗಬಾರದು. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿರುವಂತೆ ಕೂರಬೇಕು. ಕಿಟಕಿಗೂ ರೋಗಿಗೂ ನಡುವೆ ಕೂರಬಾರದು. ಹಾಸಿಗೆಯ ಅಂಚಿನಲ್ಲಂತೂ ಕೇಳದೆ ಕೂರಲೇಬಾರದು. ಇದನ್ನೆಲ್ಲ ಓದಿಯೂ ತಿಳಿಯಬಹುದು. ಆದರೆ ಅರ್ಧ ಗಂಟೆ ಮಲಗಿ ಎದ್ದವರು ಅದನ್ನು ಮರೆಯುವುದಿಲ್ಲ.

ಕೈ ಹಿಡಿಯುವುದನ್ನೂ ಅಲ್ಲಿ ಕಲಿಸಿದರು. ಕೈ ಹಿಡಿಯಲು ತರಬೇತಿ ಬೇಕೇ ಎಂದು ನಾನೂ ಅಂದುಕೊಂಡಿದ್ದೆ. ನಮ್ಮ ಕೈಯನ್ನು ರೋಗಿಯ ಕೈಯ ಮೇಲೆ ಇಡಬಾರದು, ಅಂಗೈ ಮೇಲ್ಮುಖವಾಗಿ ಅವರ ಕೈಯ ಕೆಳಗೆ ಇರಿಸಬೇಕು. ಮೇಲಿಟ್ಟ ಕೈಯಿಂದ ಬಿಡಿಸಿಕೊಳ್ಳಲು ನಿಶ್ಶಕ್ತರಾದವರಿಗೆ ಸಾಧ್ಯವಾಗದು; ಕೆಳಗಿನ ಕೈಯನ್ನಾದರೆ ಬೇಡವೆನಿಸಿದ ಕ್ಷಣ ಬಿಟ್ಟುಬಿಡಬಹುದು. ಊಟ, ಸ್ನಾನ, ಔಷಧ, ನಿದ್ದೆ ಎಲ್ಲವೂ ಬೇರೆಯವರ ಸಮಯಕ್ಕೆ ನಡೆಯುವ ಸ್ಥಿತಿಯಲ್ಲಿ, ಕೈ ಹಿಂತೆಗೆದುಕೊಳ್ಳುವ ಅಧಿಕಾರವೊಂದಾದರೂ ರೋಗಿಯ ಬಳಿ ಉಳಿಯುತ್ತದೆ. ಅಮ್ಮನ ಕೈಯನ್ನು ನಾನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಿದ್ದೆ. ಆ ಪಾಠದ ದಿನ ಮನೆಗೆ ಬಂದ ಮೇಲೂ ಬಹಳ ಹೊತ್ತು ಅದೇ ಯೋಚನೆಯಾಗಿತ್ತು.

ಮಾತಿನ ಪಾಠಗಳೂ ಒಳ್ಳೆಯವೇ. 'ಎಲ್ಲ ಸರಿಹೋಗುತ್ತದೆ', 'ಧೈರ್ಯ ತಂದುಕೊಳ್ಳಿ', 'ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ' ಎಂಬ ಮೂರು ಮಾತುಗಳನ್ನು ನಮ್ಮ ಬಾಯಿಂದ ಬಿಡಿಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ರೋಗಿ "ನಾನು ಇನ್ನೆಷ್ಟು ದಿನ?" ಎಂದು ಕೇಳಿದರೆ ಉತ್ತರ ಹೇಳುವುದು ಸ್ವಯಂಸೇವಕರ ಕೆಲಸವಲ್ಲ, ವಿಷಯ ಬದಲಿಸುವುದಂತೂ ಇನ್ನೂ ತಪ್ಪು. "ನಿಮಗೆ ಏನನ್ನಿಸುತ್ತಿದೆ?" ಎಂದು ಕೇಳಿ, ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಆ ಪ್ರಶ್ನೆ ಬಂದಿತ್ತೆಂದು ನರ್ಸ್‌ಗೆ ಅಂದೇ ತಿಳಿಸಬೇಕು. ಕೇಳಿದ ಪ್ರಶ್ನೆಗೆ ಉತ್ತರ ಕೊಡದಿರುವುದು ಮೋಸವಲ್ಲವೇ ಎಂದು ತಂಡದಲ್ಲಿ ಒಬ್ಬರು ವಾದಿಸಿದರು. ಹಾಗೆ ಕೇಳುವವರಲ್ಲಿ ಅನೇಕರಿಗೆ ಉತ್ತರ ಮೊದಲೇ ತಿಳಿದಿರುತ್ತದೆ, ಅದನ್ನು ಯಾರೊಂದಿಗೆ ಮಾತಾಡಬಹುದೆಂದು ಅವರು ಹುಡುಕುತ್ತಿರುತ್ತಾರೆ ಎಂಬ ಸಂಯೋಜಕಿಯ ಮಾತು ನಿಜವೆಂದು ಆಮೇಲೆ ನನಗೆ ಹಲವು ಸಲ ಮನವರಿಕೆಯಾಗಿದೆ.

ಐದನೆಯ ಶನಿವಾರ ಹಿರಿಯ ನರ್ಸ್ ಒಬ್ಬರು ಕೊನೆಯ ದಿನಗಳ ಲಕ್ಷಣಗಳನ್ನು ವಿವರಿಸಿದರು. ಎಂಟು ಪಾಠಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ಇದೇ. ನಿದ್ದೆ ಹೆಚ್ಚುವುದು, ಆಹಾರ ಬೇಡವಾಗುವುದು, ಕೈಕಾಲು ತಣ್ಣಗಾಗುವುದು, ಮೊಣಕಾಲಿನ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಬಲೆಯಂತೆ ಕಾಣುವುದು ಇವೆಲ್ಲ ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತಿರುವ ಸೂಚನೆಗಳು. ಉಸಿರು ಆಳವಾಗುತ್ತಾ ಹೋಗಿ, ಮತ್ತೆ ಸಣ್ಣದಾಗಿ, ಕೆಲವು ಕ್ಷಣ ಪೂರ್ತಿ ನಿಂತು, ಮತ್ತೆ ಶುರುವಾಗುವ ಕ್ರಮಕ್ಕೆ 19ನೆಯ ಶತಮಾನದಲ್ಲಿ ಅದನ್ನು ದಾಖಲಿಸಿದ ಇಬ್ಬರು ವೈದ್ಯರ ಹೆಸರಿನಿಂದ ಚೇನ್-ಸ್ಟೋಕ್ಸ್ ಉಸಿರಾಟ ಎನ್ನುತ್ತಾರೆ. ಗಂಟಲಿನಲ್ಲಿ ಗೊರಗೊರ ಸದ್ದು ಬರುವುದು ಅಲ್ಲಿ ಸೇರಿದ ದ್ರವವನ್ನು ನುಂಗಲಾಗದ ಕಾರಣಕ್ಕೆ. ಅದು ನೋಡುವವರನ್ನು ಹೆದರಿಸಿದಷ್ಟು ರೋಗಿಯನ್ನು ಬಾಧಿಸುವುದಿಲ್ಲ, ಮಗ್ಗುಲು ಬದಲಿಸಿದರೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಇದನ್ನು ನಾನು ಮೊದಲೇ ತಿಳಿದಿದ್ದರೆ ಅಮ್ಮನ ಕೊನೆಯ ರಾತ್ರಿ ಇಷ್ಟು ಗಾಬರಿಯಲ್ಲಿ ಕಳೆಯುತ್ತಿರಲಿಲ್ಲ.

ಅದೇ ದಿನ ಬಾಯಿಯ ಆರೈಕೆಯನ್ನೂ ಮಾಡಿಸಿ ತೋರಿಸಿದರು. ಪುಟ್ಟ ಕಡ್ಡಿಯ ತುದಿಗೆ ಅಂಟಿಸಿದ ಸ್ಪಂಜನ್ನು ನೀರಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹಿಂಡಿ, ಒಂದು ಹನಿಯೂ ತೊಟ್ಟಿಕ್ಕದಂತೆ ನೋಡಿಕೊಂಡು, ಮೊದಲು ತುಟಿ, ಆಮೇಲೆ ಕೆನ್ನೆಯ ಒಳಭಾಗ, ಕೊನೆಗೆ ನಾಲಿಗೆಯ ಮೇಲೆ ಮೆಲ್ಲಗೆ ಆಡಿಸಬೇಕು. ಹೆಚ್ಚಾದ ನೀರು ಶ್ವಾಸನಾಳಕ್ಕೆ ಇಳಿದರೆ ಅಪಾಯ. ಆದ್ದರಿಂದ ನರ್ಸ್ ಅನುಮತಿಯಿಲ್ಲದೆ ಇದನ್ನೂ ಮಾಡುವಂತಿಲ್ಲ. ಒಣಗಿ ಬಿರಿದ ತುಟಿಗೆ ಆ ಸ್ಪಂಜು ತಾಗಿದ ಕೂಡಲೇ, ಎರಡು ದಿನದಿಂದ ಕಣ್ಣು ಬಿಡದಿದ್ದವರೂ ಕೆಲವೊಮ್ಮೆ ಅದನ್ನು ಮಗುವಿನಂತೆ ಚೀಪುತ್ತಾರೆ.

ಪ್ರಜ್ಞೆಯಿಲ್ಲದವರ ಎದುರಿಗೂ ಕೇಳಿಸುವಂತೆ ಆಡಬಾರದ ಮಾತನ್ನು ಆಡಬೇಡಿ ಎಂಬ ಸೂಚನೆಗೆ ಆ ನರ್ಸ್ ಕೊಟ್ಟ ಆಧಾರವೂ ನನಗೆ ಹಿಡಿಸಿತು. 2020ರಲ್ಲಿ ಪ್ರಕಟವಾದ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು, ಕೊನೆಯ ಗಂಟೆಗಳಲ್ಲಿ ಯಾವುದಕ್ಕೂ ಸ್ಪಂದಿಸದ ಸ್ಥಿತಿಯಲ್ಲಿದ್ದ ಕೆಲವು ಹಾಸ್ಪಿಸ್ ರೋಗಿಗಳ ಮಿದುಳು ಆಗಲೂ ಧ್ವನಿಗಳಿಗೆ ಪ್ರತಿಕ್ರಿಯಿಸುತ್ತಿತ್ತೆಂದು ತೋರಿಸಿದೆ. ಅವರಿಗೆ ಮಾತು ಅರ್ಥವಾಗುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ ಎಂಬುದನ್ನೂ ನರ್ಸ್ ಸೇರಿಸಿ ಹೇಳಿದರು. ಸಮಾಧಾನಕ್ಕಾಗಿ ವಿಷಯವನ್ನು ಹಿಗ್ಗಿಸದ ಈ ಎಚ್ಚರ ಇಡೀ ತಂಡದಲ್ಲಿದೆ.

ಇನ್ನು ಕೊರತೆಗಳು. ದುಃಖದ ಹಂತಗಳ ಬಗ್ಗೆ ಒಂದು ಪೂರ್ತಿ ಶನಿವಾರವನ್ನು ವ್ಯರ್ಥ ಮಾಡಿದರು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಮುಂದಿಟ್ಟ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ಎಲ್ಲರೂ ಮೆಟ್ಟಿಲು ಹತ್ತಿದಂತೆ ದಾಟುವುದಿಲ್ಲವೆಂದು ಶುರುವಿನಲ್ಲೇ ಹೇಳಿ, ಆಮೇಲೆ ಮೂರು ಗಂಟೆ ಆ ಮೆಟ್ಟಿಲುಗಳನ್ನೇ ವಿವರಿಸಿದರು. ಅದೇ ಸಮಯವನ್ನು ಕುಟುಂಬದವರ ವಿಷಯಕ್ಕೆ ಕೊಡಬೇಕಾಗಿತ್ತು. ಕುಟುಂಬಕ್ಕೆ ಸಿಕ್ಕಿದ್ದು ಬರೀ ಮುಕ್ಕಾಲು ಗಂಟೆ. ಕೆಲಸಕ್ಕಿಳಿದ ಮೇಲೆ ನನ್ನನ್ನು ತಬ್ಬಿಬ್ಬು ಮಾಡಿದ ಸಂದರ್ಭಗಳಲ್ಲಿ ಹೆಚ್ಚಿನವು ರೋಗಿಯಿಂದ ಬಂದವಲ್ಲ. ತಂದೆಗೆ ಕಾಯಿಲೆಯ ಸತ್ಯ ಹೇಳಬಾರದೆಂದು ಹಟ ಹಿಡಿದ ಮಗ, ಹೇಳಲೇಬೇಕೆಂದು ಅಳುವ ಮಗಳು, ಇಬ್ಬರೂ ಬೇರೆ ಬೇರೆಯಾಗಿ ಬಂದು ನನ್ನನ್ನು ತಮ್ಮ ಪಕ್ಷಕ್ಕೆ ಎಳೆದಾಗ ಎಲ್ಲಿ ನಿಲ್ಲಬೇಕು? ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆಂದು ಹೆದರಿ, ರಾತ್ರಿಯ ಡೋಸನ್ನು ತಪ್ಪಿಸಿದ್ದೇನೆಂದು ಆರೈಕೆ ಮಾಡುತ್ತಿರುವ ಸೊಸೆ ನನ್ನ ಕಿವಿಯಲ್ಲಿ ಹೇಳಿದರೆ, ಆ ಗುಟ್ಟನ್ನು ಏನು ಮಾಡಬೇಕು? ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕೊಡುವ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಔಷಧದ ವಿಷಯದಲ್ಲಿ ಸಲಹೆ ಕೊಡುವ ಹಕ್ಕು ನನಗಿರಲಿಲ್ಲ. "ಅಕ್ಕಾ, ಇದನ್ನು ನಾನು ನರ್ಸ್‌ಗೆ ಹೇಳಲೇಬೇಕಾಗುತ್ತದೆ. ನೀವೇ ಹೇಳುವುದಾದರೆ ಪಕ್ಕದಲ್ಲಿ ನಾನಿರುತ್ತೇನೆ" ಎಂದೆ. ಅವರು ಒಪ್ಪಿದರು. ಅದು ಸರಿಯಾದ ಕ್ರಮವೆಂದು ಆಮೇಲೆ ತಿಳಿಯಿತು, ಆದರೆ ಕಲಿಸಿದ್ದರಿಂದ ಹೊಳೆದದ್ದಲ್ಲ.

ತರಬೇತಿ ಮುಗಿದ ಮೇಲೆ ಮೊದಲ ನಾಲ್ಕು ಪಾಳಿಗಳಲ್ಲಿ ಅನುಭವಿಯೊಬ್ಬರ ಜೊತೆಯಲ್ಲೇ ಹೋಗಬೇಕು. ಈ ನಿಯಮವನ್ನು ಸಡಿಲಿಸದಿರುವುದು ಸಂಸ್ಥೆಯ ದೊಡ್ಡ ಗುಣ. ನನಗೆ ಮೊದಲು ಒಪ್ಪಿಸಿದ ರೋಗಿ ಎಪ್ಪತ್ತು ದಾಟಿದ, ನಿವೃತ್ತ ಶಿಕ್ಷಕಿಯೊಬ್ಬರು. ಪುಸ್ತಕ ಓದಿ ಹೇಳಲೇ, ಪತ್ರ ಬರೆದುಕೊಡಲೇ, ಹಾಡು ಹಾಕಲೇ ಎಂದು ನಾನು ಕಲಿತದ್ದನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ಅವರು, "ಏನೂ ಬೇಡಮ್ಮ. ಬಂದವರೆಲ್ಲ ನನಗೆ ಏನಾದರೂ ಮಾಡಿಸಿಯೇ ಹೋಗುತ್ತಾರೆ. ನೀನು ಸುಮ್ಮನೆ ಕೂತಿರು" ಎಂದರು. ಮೂರು ಗಂಟೆ ಕೂತೆ. ಆ ಮೂರು ಗಂಟೆಗಳಲ್ಲಿ ಅವರ ಮಗಳು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆದು ನಿದ್ದೆ ಮಾಡಿದಳು. ಹನ್ನೊಂದು ದಿನದಿಂದ ಒಂದೇ ಸಮನೆ ಮೂರು ಗಂಟೆ ಮಲಗಿದ್ದಿಲ್ಲವೆಂದು ಎದ್ದ ಮೇಲೆ ಹೇಳಿದಳು. ಈ ಸೇವೆಯಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಆ ನಿದ್ದೆಯ ಮಾತನ್ನೇ.

ಪ್ರತಿ ಪಾಳಿಯ ಕೊನೆಗೆ ನಾವು ಒಂದು ಪುಟದ ಟಿಪ್ಪಣಿ ಬರೆಯಬೇಕು. ಸೇರಿದ ಹೊಸದರಲ್ಲಿ ಇದನ್ನು ಕಚೇರಿಯ ಕಾಗದಪತ್ರವೆಂದು ಎಣಿಸಿ, 'ರೋಗಿ ಶಾಂತವಾಗಿದ್ದರು', 'ಸ್ವಲ್ಪ ನೋವಿತ್ತು' ಎಂದು ಎರಡು ಸಾಲು ಗೀಚಿ ಹೋಗುತ್ತಿದ್ದೆ. ಒಂದು ದಿನ ನರ್ಸ್ ಆ ಪುಟವನ್ನು ನನ್ನ ಮುಂದೆ ಹಿಡಿದು, "ನೋವಿತ್ತು ಅಂತ ಅವರು ಹೇಳಿದರಾ, ನಿಮಗೆ ಹಾಗೆ ಕಂಡಿತಾ?" ಎಂದು ಕೇಳಿದರು. ಆ ರೋಗಿಗೆ ಮಾತು ನಿಂತು ವಾರವಾಗಿತ್ತು. "ಕಂಡದ್ದನ್ನು ಮಾತ್ರ ಬರೆಯಿರಿ, ಅದರ ಅರ್ಥ ನಾವು ಹುಡುಕುತ್ತೇವೆ" ಎಂದರು. ಅಂದಿನಿಂದ ನಾನು ಬರೆಯುವ ರೀತಿ ಬದಲಾಯಿತು. ಎಡ ಮಗ್ಗುಲಿಗೆ ತಿರುಗಿಸುವಾಗ ಹುಬ್ಬು ಗಂಟಿಕ್ಕಿದರು, ಬಲಕ್ಕೆ ತಿರುಗಿಸಿದಾಗ ಇಲ್ಲ. ಮೂರೂವರೆಯ ನಂತರ ಬಲಗೈಯಿಂದ ಹೊದಿಕೆಯ ಅಂಚನ್ನು ಮತ್ತೆ ಮತ್ತೆ ಹಿಡಿದೆಳೆದರು. ಮೊಮ್ಮಗನ ದನಿ ಕೇಳಿದಾಗ ಅದು ನಿಂತಿತು. ಹೀಗೆ ಬರೆದ ಮೂರು ಪಾಳಿಗಳ ಟಿಪ್ಪಣಿಗಳನ್ನು ಜೋಡಿಸಿ ನೋಡಿದಾಗ, ಮಧ್ಯಾಹ್ನದ ಡೋಸಿನ ಪ್ರಭಾವ ಮುಂದಿನ ಡೋಸಿನವರೆಗೆ ನಿಲ್ಲುತ್ತಿಲ್ಲವೆಂದು ತಂಡಕ್ಕೆ ಅನುಮಾನ ಬಂದು, ವೈದ್ಯರು ಪ್ರಮಾಣವನ್ನು ಸರಿಪಡಿಸಿದರು. ನರ್ಸ್‌ಗಳು ಅವಸರದಲ್ಲಿ ಬಂದು ಹತ್ತು ನಿಮಿಷದಲ್ಲಿ ಹೋಗಬೇಕಾದವರು. ಒಂದೇ ಮುಖವನ್ನು ಮೂರು ಗಂಟೆ ನೋಡುತ್ತಾ ಕೂರುವ ಅವಕಾಶವಿರುವುದು ನಮಗೆ. ಟಿಪ್ಪಣಿ ಬರೆಯುವುದನ್ನು ತರಬೇತಿಯಲ್ಲೇ ಕಲಿಸದೆ, ತಪ್ಪು ಮಾಡಿದ ಮೇಲೆ ತಿದ್ದುವುದು ಏಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ದೊಡ್ಡ ದೂರು ಒಂದಿದೆ. ಏಳನೆಯ ತಿಂಗಳಲ್ಲಿ ನಾನು ಒಂಬತ್ತು ವಾರ ಭೇಟಿ ಮಾಡುತ್ತಿದ್ದ ಒಬ್ಬ ಹಿರಿಯರು ಸೋಮವಾರ ರಾತ್ರಿ ತೀರಿಕೊಂಡರು. ನನಗೆ ಯಾರೂ ತಿಳಿಸಲಿಲ್ಲ. ಗುರುವಾರ ಎಂದಿನಂತೆ ಹೋಗಿ ಬಾಗಿಲು ತಟ್ಟಿ ಒಳಗೆ ಕಾಲಿಟ್ಟರೆ, ಹಾಸಿಗೆಯಲ್ಲಿ ಬೇರೊಬ್ಬರಿದ್ದರು, ಅವರ ಮನೆಯವರು ನನ್ನನ್ನು ನೋಡಿ, "ಯಾರು ಬೇಕಿತ್ತು?" ಎಂದರು. ಏನು ಉತ್ತರ ಹೇಳಿದೆನೆಂದು ನೆನಪಿಲ್ಲ. ಕಾರಿಡಾರಿನಲ್ಲಿ ನಿಂತು, ಅವರಿಗಾಗಿ ತಂದಿದ್ದ ದಿನಪತ್ರಿಕೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಮಡಿಸುತ್ತಿದ್ದೆ. ಪದಬಂಧದ ಪುಟವನ್ನು ಮೇಲೆ ಬರುವಂತೆ ಮಡಿಸಿ ತರಬೇಕೆಂಬುದು ಅವರ ಅಪ್ಪಣೆಯಾಗಿತ್ತು. ಸ್ವಯಂಸೇವಕರು ರಕ್ತಸಂಬಂಧಿಗಳಲ್ಲ, ಕುಟುಂಬಕ್ಕೆ ಮೊದಲು ತಿಳಿಯಬೇಕು, ಸಿಬ್ಬಂದಿಗೆ ನೂರೆಂಟು ಕೆಲಸ, ಇವೆಲ್ಲ ನಿಜ. ಆದರೂ ಒಂದು ಫೋನ್ ಕರೆಗೆ ಎರಡು ನಿಮಿಷ ಸಾಕು. ಮನಸ್ಸು ತೆರೆದಿಟ್ಟುಕೊಂಡು ಕೂರಿ ಎಂದು ಎಂಟು ವಾರ ಕಲಿಸಿದವರು, ಹಾಗೆ ಕೂತವರಿಗೆ ಸಾವಿನ ಸುದ್ದಿ ತಲುಪಿಸುವ ವ್ಯವಸ್ಥೆಯನ್ನೇ ಮಾಡಿಕೊಂಡಿರಲಿಲ್ಲ. ನಾನು ಲಿಖಿತವಾಗಿ ದೂರು ಕೊಟ್ಟೆ. ಸಂಯೋಜಕಿ ಸಮಜಾಯಿಷಿ ಹೇಳಲಿಲ್ಲ, ಕ್ಷಮೆ ಕೇಳಿದರು. ಮುಂದಿನ ತಿಂಗಳಿಂದ, ರೋಗಿ ತೀರಿಕೊಂಡ ದಿನವೇ ಅವರ ಸ್ವಯಂಸೇವಕರಿಗೆ ಕರೆ ಮಾಡುವ ಹೊಣೆಯನ್ನು ಪಾಳಿಯ ಮುಖ್ಯಸ್ಥರಿಗೆ ವಹಿಸಿದರು. ಅಂದಿನಿಂದ ಆ ಕರೆ ಒಮ್ಮೆಯೂ ತಪ್ಪಿಲ್ಲ.

ತಿಂಗಳಿಗೊಮ್ಮೆ ನಡೆಯುವ ಸ್ವಯಂಸೇವಕರ ಸಭೆಯನ್ನು ಆ ಘಟನೆಯ ನಂತರವೇ ನಾನು ಗಂಭೀರವಾಗಿ ತೆಗೆದುಕೊಂಡದ್ದು. ಆ ತಿಂಗಳು ತೀರಿಕೊಂಡವರ ಹೆಸರುಗಳನ್ನು ಒಬ್ಬರು ನಿಧಾನವಾಗಿ ಓದುತ್ತಾರೆ. ಪ್ರತಿ ಹೆಸರಿನ ನಂತರ ಯಾರಾದರೂ ಒಂದು ನೆನಪು ಹೇಳಬಹುದು, ಹೇಳದೆಯೂ ಇರಬಹುದು. ಆಪ್ತ ಸಮಾಲೋಚಕರೊಬ್ಬರು ಇರುತ್ತಾರೆ. ಬೇಕೆಂದವರು ಅವರನ್ನು ಪ್ರತ್ಯೇಕವಾಗಿಯೂ ಕಾಣಬಹುದು. ಒಂದು ಸಾವಿನ ನಂತರ ಎರಡು ವಾರ ರಜೆ ಕೇಳಿದರೆ ಕಾರಣ ಕೇಳದೆ ಕೊಡುತ್ತಾರೆ. ಈ ಸಭೆಗೆ ಬಾರದವರು ಬೇಗ ಬಿಟ್ಟುಹೋಗುವುದನ್ನು ನೋಡಿದ್ದೇನೆ.

ಕೊನೆಯ ಗಂಟೆಗಳಲ್ಲಿ ಯಾರೂ ಇಲ್ಲದವರ ಪಕ್ಕ ಸರದಿಯಂತೆ ಕೂರುವ ತಂಡವೂ ಇಲ್ಲಿದೆ. ಇಂಥ ವ್ಯವಸ್ಥೆಗೆ ಮಾದರಿಯೊಂದು 2001ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಸಾಂಡ್ರಾ ಕ್ಲಾರ್ಕ್ ಎಂಬ ನರ್ಸ್ ಆರಂಭಿಸಿದ ಯೋಜನೆ. ತನ್ನ ಬಳಿ ಸ್ವಲ್ಪ ಕೂರುವಂತೆ ಕೇಳಿದ ವೃದ್ಧರೊಬ್ಬರಿಗೆ, ಉಳಿದ ರೋಗಿಗಳನ್ನು ನೋಡಿ ಬರುತ್ತೇನೆಂದು ಹೇಳಿ ಹೋದ ಅವರು ಮರಳಿ ಬರುವಷ್ಟರಲ್ಲಿ ಆ ವೃದ್ಧರು ತೀರಿಕೊಂಡಿದ್ದರು. ಆ ನೋವೇ ಯೋಜನೆಗೆ ಮೂಲ. ನಾನು ಈ ತಂಡದಲ್ಲಿ ಐದು ರಾತ್ರಿ ಕೂತಿದ್ದೇನೆ. ಮೂವರು ನಾನಿದ್ದಾಗ ಹೋದರು, ಒಬ್ಬರು ನಾನು ಕೈತೊಳೆಯಲು ಎದ್ದ ನಾಲ್ಕು ನಿಮಿಷಗಳಲ್ಲಿ ಹೋದರು, ಒಬ್ಬರು ಬೆಳಗಿನವರೆಗೂ ಇದ್ದು ಮುಂದಿನ ಸರದಿಯವರ ಎದುರು ಹೋದರು. ನಾಲ್ಕು ನಿಮಿಷಗಳ ಆ ಸಂಗತಿ ನನ್ನನ್ನು ವಾರಗಟ್ಟಲೆ ಕಾಡಿತು. ಜೊತೆಗಿದ್ದವರು ಎದ್ದುಹೋದ ಗಳಿಗೆಯಲ್ಲೇ ಪ್ರಾಣ ಬಿಡುವುದು ಹಾಸ್ಪಿಸ್‌ನಲ್ಲಿ ಎಲ್ಲರೂ ಕಂಡಿರುವ ಸಂಗತಿಯೆಂದು ಹಿರಿಯ ಸ್ವಯಂಸೇವಕರೊಬ್ಬರು ಸಭೆಯಲ್ಲಿ ಹೇಳಿದಾಗಲೇ ಮನಸ್ಸು ಹಗುರಾಯಿತು. ಈ ರಾತ್ರಿಪಾಳಿಗೆ ಪ್ರತ್ಯೇಕ ತರಬೇತಿಯಿಲ್ಲ, ಎರಡು ಪುಟದ ಸೂಚನೆಯಷ್ಟೇ ಇದೆ. ಅದು ಸಾಲದು.

ಸೇರಬೇಕೆಂದಿರುವವರಿಗೆ ನನ್ನ ಶಿಫಾರಸು ಇದೆ, ಆದರೆ ಎಲ್ಲರಿಗೂ ಅಲ್ಲ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಕಾಯಬೇಕು. ಬೇರೆ ಸಂಸ್ಥೆಗಳು ಕೂಡಲೇ ತೆಗೆದುಕೊಂಡರೂ ಕಾಯಬೇಕು. ತಮ್ಮ ನಂಬಿಕೆಯನ್ನು ಕೊನೆಗಾಲದಲ್ಲಿ ಇನ್ನೊಬ್ಬರಿಗೆ ದಾಟಿಸುವ ಆಸೆಯುಳ್ಳವರು ದಯವಿಟ್ಟು ಬರಬಾರದು. ಮಾತು ಕಡಿಮೆ ಆಡುವವರು, ನನಗೆ ಏನು ಮಾತಾಡಬೇಕೆಂದೇ ಗೊತ್ತಾಗುವುದಿಲ್ಲ ಎಂದು ಅಂಜುವವರು ಅವಶ್ಯ ಬರಬೇಕು. ಯಾವುದೇ ಹಾಸ್ಪಿಸ್‌ಗೆ ಹೆಸರು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಮೊದಲ ಪಾಳಿಗಳಲ್ಲಿ ಜೊತೆಗೆ ಯಾರಿರುತ್ತಾರೆ, ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು, ನನ್ನ ರೋಗಿ ತೀರಿಕೊಂಡರೆ ನನಗೆ ಯಾರು ಯಾವಾಗ ತಿಳಿಸುತ್ತಾರೆ. ಮೂರನೆಯದಕ್ಕೆ ಥಟ್ಟನೆ ಉತ್ತರ ಬರದಿದ್ದರೆ ಇನ್ನೊಂದು ಸಂಸ್ಥೆಯನ್ನು ನೋಡುವುದು ಒಳ್ಳೆಯದು.

ನನ್ನ ಸದ್ಯದ ಪಾಳಿ ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ. ಮುಂದಿನ ತಂಡಕ್ಕೆ ಎರಡನೆಯ ಶನಿವಾರದ ಹಾಸಿಗೆಯ ಅಭ್ಯಾಸವನ್ನು ನಡೆಸಿಕೊಡುವಂತೆ ಸಂಯೋಜಕಿ ಕೇಳಿದ್ದಾರೆ. ಹಂತಗಳ ಪಾಠವನ್ನು ಒಂದು ಗಂಟೆಗೆ ಇಳಿಸಿ, ಉಳಿದ ಎರಡು ಗಂಟೆಗಳನ್ನು ಕುಟುಂಬದವರ ವಿಷಯಕ್ಕೂ ಟಿಪ್ಪಣಿ ಬರೆಯುವುದಕ್ಕೂ ಕೊಡಬೇಕೆಂದು ಬರೆದುಕೊಟ್ಟು ಒಪ್ಪಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.